ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಪ್ರೇಕ್ಷಕರ ವರ್ತನೆ

ಹೋರಿ ಬೆದರಿಸುವ ಸ್ಪರ್ಧೆಯು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ, ನೆರೆಯ ಹಾವೇರಿ ಜಿಲ್ಲೆಯಲ್ಲಿ ಹಾಗೂ ಅವುಗಳ ಸುತ್ತಲಿನ ಪ್ರದೇಶದಲ್ಲಿ ನಡೆಯುವ ಗ್ರಾಮೀಣ ಕ್ರೀಡೆಯಾಗಿದೆ. ಇದನ್ನು ಹೋರಿ ಹಬ್ಬ, ಹಟ್ಟಿ ಹಬ್ಬ, ಕೊಬ್ಬರಿ ಹೋರಿ ಸ್ಪರ್ಧೆ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ದೀಪಾವಳಿಯ ಬಲಿಪಾಡ್ಯಮಿಯಂದು ಆರಂಭವಾಗುವ ಈ ಸ್ಪರ್ಧೆಗಳು ಊರಿಂದ ಊರಿಗೆ ಸಾಗುತ್ತ ಸಂಕ್ರಾಂತಿಯ ಆಚೆಗೂ ಮುಂದುವರಿಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ಕ್ರೀಡೆ ಸುದ್ದಿಯಾಗುತ್ತಿರುವುದು ಹೆಚ್ಚಾಗಿ ಪ್ರೇಕ್ಷಕರ ಸಾವು, ಗಾಯ ಹಾಗೂ ಜನಜಂಗುಳಿಯ ಅಶಿಸ್ತಿನ ಕಾರಣದಿಂದ. ಪ್ರೇಕ್ಷಕರು ಮತ್ತು ಹೋರಿಗಳ ಅಭಿಮಾನಿ ಬಳಗಗಳು ಅಖಾಡದಲ್ಲಿ ಹೇಗೆ ವರ್ತಿಸುತ್ತವೆ, ಆ ವರ್ತನೆಗೆ ಕಾರಣಗಳೇನು, ಕಾನೂನು ಏನು ಹೇಳುತ್ತದೆ ಮತ್ತು ಇತರ ಕ್ರೀಡೆಗಳು ಇಂಥದೇ ಸಮಸ್ಯೆಯನ್ನು ಹೇಗೆ ಎದುರಿಸಿವೆ ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಹಿನ್ನೆಲೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಅರೆಮಲೆನಾಡಿನಲ್ಲಿವೆ. ಉತ್ತರಕ್ಕೆ ಹಾವೇರಿ ಜಿಲ್ಲೆಯ ಹಾನಗಲ್ ಮತ್ತು ಹಿರೇಕೆರೂರು, ಪಶ್ಚಿಮಕ್ಕೆ ಉತ್ತರ ಕನ್ನಡದ ಶಿರಸಿ, ಪೂರ್ವಕ್ಕೆ ಹೊನ್ನಾಳಿಯ ಸೀಮೆ ಇವೆ. ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿ ಇಲ್ಲಿನ ಮುಖ್ಯ ಬೆಳೆಗಳು. ಜಿಲ್ಲೆಯ ಗಡಿಗಳು ಆಡಳಿತದ ಅನುಕೂಲಕ್ಕೆ ಏರ್ಪಟ್ಟವಾದರೂ ಹೋರಿ ಹಬ್ಬದ ಸೀಮೆ ಅವುಗಳನ್ನು ಲೆಕ್ಕಿಸುವುದಿಲ್ಲ. ಹಾನಗಲ್ಲಿನ ಹೋರಿ ಆನವಟ್ಟಿಯ ಕಡೆಗೆ, ಶಿರಾಳಕೊಪ್ಪದ ಕಡೆಯ ಹೋರಿ ಹಿರೇಕೆರೂರಿನ ಕಡೆಗೆ ಹೋಗಿ ಓಡುವುದು ಸಾಮಾನ್ಯ ಸಂಗತಿ.

ಈ ಸೀಮೆಯಲ್ಲಿ ದನಕರುಗಳಿಗೆ ಇದ್ದ ಮಹತ್ವಕ್ಕೆ ಶಾಸನಗಳ ಸಾಕ್ಷ್ಯವಿದೆ. ಎರಡೂ ತಾಲ್ಲೂಕುಗಳಲ್ಲಿ ದೊರೆತಿರುವ ವೀರಗಲ್ಲುಗಳಲ್ಲಿ ತುರುಗೋಳಿನ ಕಾಳಗದಲ್ಲಿ, ಅಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸುವ ಹೋರಾಟದಲ್ಲಿ, ಮಡಿದವರ ಸ್ಮಾರಕಗಳು ಅನೇಕ. ಇಂದಿನ ಹೋರಿ ಹಬ್ಬವು ಆ ಕಾಳಗಗಳಿಂದ ನೇರವಾಗಿ ಹುಟ್ಟಿತೆಂದು ಹೇಳಲು ಆಧಾರ ಸಾಲದು. ಆದರೆ ದನ ಊರಿನ ಸಂಪತ್ತು, ಅದರ ಗೌರವವೇ ಊರಿನ ಗೌರವ ಎಂಬ ಭಾವನೆ ಈ ನೆಲದಲ್ಲಿ ಹಳೆಯದು ಎಂಬುದಂತೂ ಸ್ಪಷ್ಟ.

ಬಲಿಪಾಡ್ಯಮಿಯಂದು ದನಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಬಳಿದು, ಪೂಜಿಸಿ, ಸಂಜೆ ಬೆದರಿಸಿ ಓಡಿಸುವುದು ಕೃಷಿಕ ಕುಟುಂಬಗಳ ವಾಡಿಕೆ. ಅಂದು ಓಡುತ್ತಿದ್ದುದು ಊರಿನ ದನ, ನೋಡುತ್ತಿದ್ದವರು ಊರಿನ ಜನ. ದನವನ್ನು ಬೆದರಿಸುವವನಿಗೂ ಅದರ ಒಡೆಯನಿಗೂ ಪರಸ್ಪರ ಪರಿಚಯವಿರುತ್ತಿತ್ತು. ಈ ಮನೆಯಂಗಳದ ಆಚರಣೆಯು ಕ್ರಮೇಣ ಬಹುಮಾನವುಳ್ಳ, ಹೊರಗಿನ ಹೋರಿಗಳು ಪ್ರವೇಶ ಶುಲ್ಕ ತೆತ್ತು ಭಾಗವಹಿಸುವ, ಸಾವಿರಾರು ಜನ ಸೇರುವ ಸ್ಪರ್ಧೆಯಾಗಿ ಬೆಳೆಯಿತು. ಆಚರಣೆಯ ಗಾತ್ರ ಹಿಗ್ಗಿದರೂ ಅದು ನಡೆಯುವ ಬೀದಿ ಮಾತ್ರ ಹಿಗ್ಗಲಿಲ್ಲ.

ಸ್ಪರ್ಧೆಯ ವಿಧಾನ

ಹೋರಿಯ ಕೊರಳಿಗೆ ಕೊಬ್ಬರಿಯ ಮಾಲೆ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿ, ಕೊಂಬುಗಳನ್ನು ಬಲೂನು, ರಿಬ್ಬನ್ನುಗಳಿಂದ ಅಲಂಕರಿಸುತ್ತಾರೆ. ಊರಿನ ಬೀದಿ ಅಥವಾ ಹೊಲದ ಅಂಚಿನ ದಾರಿಯೇ ಅಖಾಡ. ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ದಾರಿಯ ಎರಡೂ ಬದಿಯಲ್ಲಿ ನಿಂತ ಯುವಕರು ಓಡುವ ಹೋರಿಯ ಮೇಲೆ ಎರಗಿ ಕೊಬ್ಬರಿ ಹರಿಯಲು ಯತ್ನಿಸುತ್ತಾರೆ. ಯಾರ ಕೈಗೂ ಸಿಗದೆ, ಕೊಬ್ಬರಿ ಕಳೆದುಕೊಳ್ಳದೆ ಅಖಾಡ ದಾಟಿದ ಹೋರಿಗೆ ಬಹುಮಾನವಿದೆ. ಹೋರಿಯನ್ನು ತಡೆದು ಕೊಬ್ಬರಿ ಕಿತ್ತವನಿಗೂ ಬಹುಮಾನವಿದೆ. ಬಹುಮಾನವು ನಗದು ಹಣದಿಂದ ಹಿಡಿದು ಬಂಗಾರ, ಟಿ.ವಿ., ಫ್ರಿಜ್, ಮೋಟಾರ್ ಬೈಕ್‌ವರೆಗೂ ಇರುತ್ತದೆ.

ಈ ವಿಧಾನದಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, ಸ್ಪರ್ಧಿ ಮತ್ತು ಪ್ರೇಕ್ಷಕ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಹೋರಿ ಹಿಡಿಯಲು ಬಂದವನು ಯಾರು, ನೋಡಲು ಬಂದವನು ಯಾರು ಎಂದು ಗುರುತಿಸುವ ಸಮವಸ್ತ್ರವಾಗಲಿ, ಸಂಖ್ಯೆಯಾಗಲಿ ಹೆಚ್ಚಿನ ಊರುಗಳಲ್ಲಿ ಇರುವುದಿಲ್ಲ. ಎರಡು, ಗುರಿಗೆರೆ ದಾಟಿದೊಡನೆ ಓಟಗಾರ ನಿಲ್ಲುವಂತೆ ಹೋರಿ ನಿಲ್ಲುವುದಿಲ್ಲ. ಬೆದರಿದ ಪ್ರಾಣಿಯು ಅಖಾಡದ ಆಚೆಗೂ, ಊರಿನ ಇತರ ಬೀದಿಗಳಿಗೂ ನುಗ್ಗಬಲ್ಲದು. ಮುಂದೆ ವಿವರಿಸಿರುವ ಬಹುತೇಕ ಅನಾಹುತಗಳ ಮೂಲ ಈ ಎರಡು ಅಂಶಗಳಲ್ಲಿದೆ.

ಅಭಿಮಾನಿ ಬಳಗಗಳು

ಓಟಕ್ಕೆ ಸಾಕುವ ಹೋರಿಗಳು ಸಾಮಾನ್ಯವಾಗಿ ಹಳ್ಳಿಕಾರ್, ಅಮೃತಮಹಲ್ ಮುಂತಾದ ನಾಟಿ ತಳಿಗಳಿಗೆ ಸೇರಿದವು. ಇವುಗಳನ್ನು ಉಳುಮೆಗೆ ಬಳಸುವುದು ಅಪರೂಪ. ಹುರುಳಿ, ಹಿಂಡಿ, ಮೊಟ್ಟೆ ಮೊದಲಾದ ಆಹಾರ ಕೊಟ್ಟು, ಕೆರೆಯಲ್ಲಿ ಈಜಿಸಿ, ಓಡಿಸಿ ಪಳಗಿಸುತ್ತಾರೆ. ಹೆಸರು ಮಾಡಿದ ಹೋರಿಯ ಬೆಲೆ ಲಕ್ಷಗಳಲ್ಲಿರುತ್ತದೆ. ಪ್ರತಿಯೊಂದು ಪ್ರಸಿದ್ಧ ಹೋರಿಗೂ ಒಂದು ಬಿರುದು ಇರುತ್ತದೆ. ಚಲನಚಿತ್ರ ನಟರ ಬಿರುದುಗಳು, ಪುರಾಣದ ವೀರರ ಹೆಸರುಗಳು, ಊರದೇವರ ಹೆಸರುಗಳು ಹೀಗೆ ಬಳಕೆಯಾಗುತ್ತವೆ.

ಹೋರಿಯ ಹೆಸರಿನಲ್ಲಿ ಅಭಿಮಾನಿ ಬಳಗಗಳು ಹುಟ್ಟಿಕೊಂಡಿರುವುದು ಈ ಕ್ರೀಡೆಯ ಇತ್ತೀಚಿನ ಬೆಳವಣಿಗೆ. ಬಳಗದ ಸದಸ್ಯರು ಹೋರಿಯ ಚಿತ್ರವಿರುವ ಅಂಗಿ ತೊಟ್ಟು, ಬಾವುಟ ಹಿಡಿದು, ಟ್ರ್ಯಾಕ್ಟರು, ಬೈಕುಗಳಲ್ಲಿ ಊರೂರಿಗೆ ಹೋಗುತ್ತಾರೆ. ಹೋರಿಯ ಓಟದ ವಿಡಿಯೋಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹರಡುತ್ತಾರೆ. ಹೋರಿ ಸತ್ತಾಗ ಮೆರವಣಿಗೆ ಮಾಡಿ, ಹೂವಿನಿಂದ ಅಲಂಕರಿಸಿ ಮಣ್ಣು ಮಾಡುವುದೂ ಉಂಟು. ಫುಟ್‌ಬಾಲ್ ತಂಡಗಳ ಅಭಿಮಾನಿ ಸಂಘಗಳಿಗೂ ಈ ಬಳಗಗಳಿಗೂ ಇರುವ ಹೋಲಿಕೆ ಮೇಲ್ನೋಟದ್ದಲ್ಲ. ಎರಡರಲ್ಲಿಯೂ ಊರಿನ ಹೆಮ್ಮೆ, ಬಣ್ಣ, ಘೋಷಣೆ, ಎದುರಾಳಿಯ ಹೀಯಾಳಿಕೆ ಮತ್ತು ತವರಿನ ಮೈದಾನದ ಮೇಲಿನ ಹಕ್ಕಿನ ಭಾವನೆ ಕೂಡಿಕೊಂಡಿವೆ.

ಬಳಗಗಳ ಕೊಡುಗೆಯನ್ನು ಅಲ್ಲಗಳೆಯಲಾಗದು. ಒಬ್ಬ ಸಣ್ಣ ರೈತನಿಗೆ ಹೋರಿ ಸಾಕುವ ಖರ್ಚನ್ನು ತಾನೊಬ್ಬನೇ ಹೊರುವುದು ಕಷ್ಟ. ಬಳಗವು ಮೇವು, ಸಾಗಣೆ, ಅಲಂಕಾರಗಳಿಗೆ ನೆರವಾಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಯಿಂದ ಮರೆಯಾಗುತ್ತಿದ್ದ ನಾಟಿ ಹೋರಿಗಳಿಗೆ ಬೇಡಿಕೆ ಉಳಿದಿರುವುದಕ್ಕೆ ಈ ಅಭಿಮಾನವೂ ಒಂದು ಕಾರಣ.

ದುರ್ವರ್ತನೆಯ ಸ್ವರೂಪಗಳು

ಅಖಾಡದಲ್ಲಿ ಕಂಡುಬರುವ ಅನುಚಿತ ವರ್ತನೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ದಾರಿಗೆ ನುಗ್ಗುವುದು. ಹೋರಿ ಬರುವವರೆಗೂ ಜನ ದಾರಿಯ ನಡುವೆಯೇ ನಿಂತಿರುತ್ತಾರೆ. ಬಂದಾಗ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಾರೆ. ಹಿಂದೆ ಒತ್ತಾಗಿ ನಿಂತವರಿಂದಾಗಿ ಸರಿಯಲು ಜಾಗ ಸಿಗದಿದ್ದಾಗ ಮುಂದಿನ ಸಾಲಿನವನು ಕೊಂಬಿಗೆ ಸಿಕ್ಕಿಬೀಳುತ್ತಾನೆ. ಮೊಬೈಲಿನಲ್ಲಿ ಚಿತ್ರೀಕರಿಸುವವರು ಈ ಅಪಾಯವನ್ನು ಹೆಚ್ಚಿಸಿದ್ದಾರೆ. ಪರದೆಯ ಮೇಲೆ ಕಾಣುವ ಹೋರಿ ದೂರದಲ್ಲಿರುವಂತೆ ತೋರುತ್ತದೆ. ನಿಜವಾದ ಹೋರಿ ಆ ವೇಳೆಗೆ ಎದುರಿಗೆ ಬಂದಿರುತ್ತದೆ.

ಎರಡನೆಯದು ಪ್ರಾಣಿಯ ಮೇಲಿನ ಕ್ರೌರ್ಯ. ಬಾಲ ತಿರುಚುವುದು, ಕೋಲಿನಿಂದ ಹೊಡೆಯುವುದು, ಪಟಾಕಿ ಸಿಡಿಸುವುದು, ಕಿವಿಯ ಬಳಿ ಕಿರುಚುವುದು, ಹತ್ತಾರು ಜನ ಏಕಕಾಲಕ್ಕೆ ಮೇಲೆ ಬೀಳುವುದು ಇದರಲ್ಲಿ ಸೇರುತ್ತವೆ. ಹೋರಿಯನ್ನು ಮನೆಯ ಮಗನಂತೆ ಸಾಕಿದ ಒಡೆಯನೇ ಇಂಥ ವರ್ತನೆಯನ್ನು ಮೊದಲು ವಿರೋಧಿಸುತ್ತಾನೆ. ಅದನ್ನು ಮಾಡುವವರು ಸಾಮಾನ್ಯವಾಗಿ ಹೋರಿಯೊಡನೆ ಯಾವ ಸಂಬಂಧವೂ ಇಲ್ಲದವರು.

ಮೂರನೆಯದು ಬಳಗಗಳ ನಡುವಿನ ಜಗಳ. ಕೊಬ್ಬರಿ ಅಖಾಡದೊಳಗೆ ಹರಿಯಿತೋ ಹೊರಗೆ ಹರಿಯಿತೋ, ಮೊದಲು ಕೈ ಹಾಕಿದವರು ಯಾರು ಎಂಬ ಪ್ರಶ್ನೆಗಳಿಗೆ ಗುಂಪಿನ ನಡುವೆ ನಿಖರವಾದ ಉತ್ತರ ಸಿಗುವುದು ಕಷ್ಟ. ತೀರ್ಪು ವಿವಾದಕ್ಕೆ ಒಳಗಾಗುತ್ತದೆ. ಇಲ್ಲಿ ತವರಿನ ಪ್ರಶ್ನೆಯೂ ಬರುತ್ತದೆ. ಜನ ದಾರಿ ಬಿಟ್ಟರೆ ಹೋರಿ ಸರಾಗವಾಗಿ ಓಡುತ್ತದೆ. ಜನ ಒತ್ತರಿಸಿದರೆ ಸಿಕ್ಕಿಬೀಳುತ್ತದೆ. ಆದುದರಿಂದ ಊರಿನ ಹೋರಿಗೆ ದಾರಿ ಬಿಡುವ, ಹೊರಗಿನ ಹೋರಿಗೆ ಅಡ್ಡ ನಿಲ್ಲುವ ಅವಕಾಶ ತವರಿನ ಪ್ರೇಕ್ಷಕರ ಕೈಯಲ್ಲಿದೆ. ಫುಟ್‌ಬಾಲಿನಲ್ಲಿ ತವರಿನ ಪ್ರೇಕ್ಷಕ ಕೂಗಿ ಎದುರಾಳಿಯ ಧೈರ್ಯ ಕುಗ್ಗಿಸಬಹುದು. ಹೋರಿ ಹಬ್ಬದಲ್ಲಿ ಅವನು ತನ್ನ ಮೈಯಿಂದಲೇ ಫಲಿತಾಂಶವನ್ನು ಬದಲಿಸಬಲ್ಲ.

ನಾಲ್ಕನೆಯದು ಅಖಾಡದ ಹೊರಗಿನ ಅಶಿಸ್ತು. ಮದ್ಯಪಾನ, ಕರ್ಕಶ ಧ್ವನಿವರ್ಧಕ, ಮನೆಗಳ ಮಾಡು ಹಾಗೂ ಕಾಂಪೌಂಡುಗಳ ಮೇಲೆ ಮಿತಿಮೀರಿ ಹತ್ತುವುದು, ಬೆಳೆದು ನಿಂತ ಹೊಲವನ್ನು ತುಳಿಯುವುದು, ರಸ್ತೆ ತಡೆ ಮುಂತಾದವು ಈ ಬಗೆಗೆ ಸೇರುತ್ತವೆ. ಇವುಗಳಿಂದ ತೊಂದರೆಗೊಳಗಾಗುವವರು ಹಬ್ಬಕ್ಕೆ ಬಾರದೆ ಮನೆಯಲ್ಲಿರುವ ವೃದ್ಧರು, ಮಹಿಳೆಯರು ಮತ್ತು ಮಕ್ಕಳು.

ಸಾವು ನೋವು

2022ರ ದೀಪಾವಳಿಯಿಂದ 2023ರ ಸಂಕ್ರಾಂತಿಯವರೆಗಿನ ಹಂಗಾಮಿನಲ್ಲಿ ಶಿಕಾರಿಪುರ ತಾಲ್ಲೂಕೂ ಸೇರಿದಂತೆ ಶಿವಮೊಗ್ಗ ಜಿಲ್ಲೆಯ ಹಲವು ಊರುಗಳಲ್ಲಿ ಹೋರಿ ಹಾಯ್ದು ಸಾವುಗಳು ಸಂಭವಿಸಿದವು. ಸತ್ತವರಲ್ಲಿ ಹೋರಿ ಹಿಡಿಯಲು ಇಳಿಯದೆ ಕೇವಲ ನೋಡಲು ಬಂದಿದ್ದವರೂ ಇದ್ದರು. ಆ ಬಳಿಕ ಅನುಮತಿಯಿಲ್ಲದೆ ಸ್ಪರ್ಧೆ ನಡೆಸಿದ ಸಂಘಟಕರ ಮೇಲೆ ಪ್ರಕರಣ ದಾಖಲಿಸುವ ಕ್ರಮ ಚುರುಕುಗೊಂಡಿತು.

2025ರ ಅಕ್ಟೋಬರ್ 22ರಂದು, ಬಲಿಪಾಡ್ಯಮಿಯ ದಿನ, ಹಾವೇರಿ ಜಿಲ್ಲೆಯಲ್ಲಿ ಬೇರೆ ಬೇರೆ ಕಡೆ ಹೋರಿ ಹಾಯ್ದು ಒಂದೇ ದಿನ ಮೂವರು ಮೃತಪಟ್ಟರು. ಘಟನೆಗಳು ನಡೆದದ್ದು ಹಾವೇರಿ ನಗರ, ದೇವಿಹೊಸೂರು ಮತ್ತು ಸೊರಬದ ಗಡಿಗೆ ಸಮೀಪದ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ. ಮೃತರಲ್ಲಿ ಇಬ್ಬರು ಎಪ್ಪತ್ತು ದಾಟಿದ ಹಿರಿಯರು. ಅವರಲ್ಲೊಬ್ಬರು ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರು, ಇನ್ನೊಬ್ಬರು ಮನೆಯ ಮುಂದೆ ಕುಳಿತಿದ್ದವರು.

ಈ ಕೊನೆಯ ಸಂಗತಿ ಚರ್ಚೆಯ ದಿಕ್ಕನ್ನು ಬದಲಿಸುವಂಥದು. ಹೋರಿ ಹಿಡಿಯಲು ಇಳಿದ ಯುವಕ ತಾನು ಅಪಾಯವನ್ನು ಒಪ್ಪಿಕೊಂಡೇ ಇಳಿದನೆಂದು ವಾದಿಸಬಹುದು. ಅಂಚಿನಲ್ಲಿ ನಿಂತ ಪ್ರೇಕ್ಷಕನ ಬಗ್ಗೆಯೂ ಅವನೇ ಎಚ್ಚರ ವಹಿಸಬೇಕಿತ್ತೆಂದು ಹೇಳುವವರಿದ್ದಾರೆ. ಆದರೆ ಸ್ವಂತ ಮನೆಯ ಮುಂದೆ ಕುಳಿತ ವೃದ್ಧರಿಗೆ ಈ ಎರಡು ಮಾತುಗಳೂ ಅನ್ವಯಿಸುವುದಿಲ್ಲ. ಅಖಾಡಕ್ಕೆ ಎಲ್ಲೆಯಿಲ್ಲದಿದ್ದಾಗ ಇಡೀ ಊರೇ ಅಖಾಡವಾಗುತ್ತದೆ.

ಕಾರಣಗಳ ವಿಶ್ಲೇಷಣೆ

ಪ್ರತಿ ದುರಂತದ ಬಳಿಕ ಸಾರ್ವಜನಿಕ ಚರ್ಚೆಯಲ್ಲಿ ಎರಡು ವಿವರಣೆಗಳು ಮುಂದೆ ಬರುತ್ತವೆ. ಪಡ್ಡೆ ಹುಡುಗರ ಪುಂಡಾಟವೇ ಕಾರಣ ಎಂಬುದು ಒಂದು. ಆಟವೇ ಅನಾಗರಿಕ, ಆದ್ದರಿಂದ ಹೀಗಾಗುತ್ತದೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಅದೇ ಹುಡುಗರು ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯಕ್ಕೆ ಹೋದಾಗ ಅಂಕಣದ ಗೆರೆಯ ಹೊರಗೆ ನಿಲ್ಲುತ್ತಾರೆ. ಅಲ್ಲಿ ಗೆರೆ ಇದೆ, ಗೆರೆ ದಾಟಿದರೆ ಆಟ ನಿಲ್ಲಿಸುವ ತೀರ್ಪುಗಾರನಿದ್ದಾನೆ. ಹೋರಿ ಹಬ್ಬದಲ್ಲಿ ಪ್ರೇಕ್ಷಕನಿಗೆಂದು ನಿಗದಿಯಾದ ಜಾಗವೇ ಇಲ್ಲದಿರುವಾಗ ಅವನು ತನ್ನ ಜಾಗ ಬಿಟ್ಟು ಬಂದನೆಂದು ದೂರುವುದು ಕಷ್ಟ. ವರ್ತನೆಯ ದೋಷಕ್ಕಿಂತ ಮೊದಲು ಏರ್ಪಾಡಿನ ದೋಷವಿದೆ.

ಇತರ ಕಾರಣಗಳು ಈ ಮೂಲ ದೋಷವನ್ನು ಬಲಗೊಳಿಸುತ್ತವೆ. ಬಹುಮಾನದ ಮೌಲ್ಯ ಏರಿದಂತೆ ಹೋರಿಗಳ ಸಂಖ್ಯೆ ಏರುತ್ತದೆ. ಸಂಖ್ಯೆ ಏರಿದಂತೆ ಎರಡು ಓಟಗಳ ನಡುವಿನ ಬಿಡುವು ಕಡಿಮೆಯಾಗಿ, ಹಿಂದಿನ ಹೋರಿಯನ್ನು ಹಿಡಿದು ಕಟ್ಟುವ ಮೊದಲೇ ಮುಂದಿನದನ್ನು ಬಿಡುವ ಆತುರ ಹುಟ್ಟುತ್ತದೆ. ಓಟವು ಕತ್ತಲಾಗುವವರೆಗೂ ನಡೆಯುತ್ತದೆ. ಅಪಾಯಕಾರಿ ದೃಶ್ಯಗಳಿರುವ ವಿಡಿಯೋ ಹೆಚ್ಚು ಜನರನ್ನು ತಲುಪುವುದರಿಂದ ಅಪಾಯವೇ ಪ್ರತಿಷ್ಠೆಯಾಗುತ್ತದೆ.

ಅನುಮತಿಯ ಗೊಂದಲವೂ ಒಂದು ಕಾರಣ. ಅನುಮತಿ ಕೇಳಿದರೆ ಸಿಗಲಾರದೆಂಬ ಭಯದಿಂದ ಕೆಲವೆಡೆ ಸಂಘಟಕರು ಕೇಳದೆಯೇ ಸ್ಪರ್ಧೆ ನಡೆಸುತ್ತಾರೆ. ಕದ್ದು ನಡೆಸುವ ಸ್ಪರ್ಧೆಗೆ ಆಂಬುಲೆನ್ಸ್ ಕರೆಸಲಾಗದು, ಪೊಲೀಸರ ನೆರವು ಕೋರಲಾಗದು, ಗಾಯಗೊಂಡವನ ವಿಷಯವನ್ನು ಬಹಿರಂಗವಾಗಿ ಹೇಳಲಾಗದು. ಹೀಗಾಗಿ ಸುರಕ್ಷತೆಗಾಗಿ ವಿಧಿಸಿದ ನಿರ್ಬಂಧವೇ ಕೆಲವೊಮ್ಮೆ ಸುರಕ್ಷತೆಯನ್ನು ಕಡಿಮೆ ಮಾಡುತ್ತದೆ.

ಅನುಮತಿ ವಿಳಂಬವಾದಾಗ ಜನರ ಸಿಟ್ಟು ಎಷ್ಟರ ಮಟ್ಟಿಗೆ ಹೋಗಬಹುದೆಂಬುದಕ್ಕೆ ಗಡಿಯಾಚೆಯ ಉದಾಹರಣೆಯಿದೆ. 2023ರ ಫೆಬ್ರುವರಿ 2ರಂದು, ಕನ್ನಡಿಗರೂ ವಾಸಿಸುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಸಮೀಪ ಗೋಪಚಂದಿರಂ ಗ್ರಾಮದಲ್ಲಿ ಹೋರಿ ಬಿಡುವ ಹಬ್ಬಕ್ಕೆ ಅನುಮತಿ ಸಿಗುವುದು ತಡವಾಯಿತೆಂದು ಜನ ರಾಷ್ಟ್ರೀಯ ಹೆದ್ದಾರಿಯನ್ನು ಗಂಟೆಗಟ್ಟಲೆ ತಡೆದರು. ವಾಹನಗಳ ಮೇಲೆ ಕಲ್ಲು ತೂರಾಟವೂ ನಡೆಯಿತು. ಅಂದು ಗಲಭೆ ಹುಟ್ಟಿದ್ದು ಓಟದಿಂದಲ್ಲ, ಓಟ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯದಿಂದ.

ಕಾನೂನಿನ ಸ್ಥಿತಿ

ಪ್ರಾಣಿ ಹಿಂಸೆ ತಡೆಗೆ ಸಂಬಂಧಿಸಿದ ಕೇಂದ್ರ ಕಾಯ್ದೆ ಅಂಗೀಕಾರಗೊಂಡದ್ದು 1960ರಲ್ಲಿ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟು ಹಾಗೂ ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಚಳವಳಿಯ ನಂತರ ಆ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಕರ್ನಾಟಕವೂ ಕಂಬಳ ಮತ್ತು ಹೋರಿ ಅಥವಾ ಎತ್ತಿನಗಾಡಿ ಓಟಗಳಿಗೆ ವಿನಾಯಿತಿ ನೀಡುವ ತಿದ್ದುಪಡಿಯನ್ನು ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ತಮಿಳುನಾಡು, ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಈ ತಿದ್ದುಪಡಿಗಳನ್ನು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು.

ಈ ತೀರ್ಪನ್ನು ಯಾವ ಷರತ್ತೂ ಇಲ್ಲದ ಅನುಮತಿಯೆಂದು ಭಾವಿಸುವುದು ತಪ್ಪು. ಪ್ರಾಣಿಗೆ ನೋವು ಕಡಿಮೆಯಾಗುವಂತೆ ಷರತ್ತುಗಳಿಗೆ ಒಳಪಟ್ಟು ನಡೆಸಬೇಕೆಂಬುದೇ ತಿದ್ದುಪಡಿಗಳ ಆಧಾರ. ಷರತ್ತುಗಳ ಪಾಲನೆಯ ಮೇಲೆ ನಿಗಾ ಇಡುವ ಹೊಣೆ ಜಿಲ್ಲಾಡಳಿತದ್ದು.

ಪ್ರೇಕ್ಷಕರ ಹಾಗೂ ಸಂಘಟಕರ ವರ್ತನೆಗೆ ಅನ್ವಯಿಸುವ ಸಾಮಾನ್ಯ ಕಾನೂನುಗಳೂ ಇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದನ್ನು, 125ನೆಯ ಕಲಮು ಇತರರ ಜೀವಕ್ಕೆ ಅಪಾಯ ತರುವ ಕೃತ್ಯವನ್ನು, 291ನೆಯ ಕಲಮು ತನ್ನ ವಶದಲ್ಲಿರುವ ಪ್ರಾಣಿಯ ಬಗ್ಗೆ ತೋರುವ ನಿರ್ಲಕ್ಷ್ಯವನ್ನು ಅಪರಾಧವೆಂದು ಪರಿಗಣಿಸುತ್ತವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನ ಅಡಿಯಲ್ಲಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ದಂಡಾಧಿಕಾರಿಗಳಿಗಿದೆ. ಆದರೆ ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ 1960ರ ಕಾಯ್ದೆಯ 11ನೆಯ ಕಲಮು ಮೊದಲ ಅಪರಾಧಕ್ಕೆ ವಿಧಿಸುವ ದಂಡ 10ರಿಂದ 50 ರೂಪಾಯಿಗಳು ಮಾತ್ರ. ಲಕ್ಷಗಟ್ಟಲೆ ಬೆಲೆಯ ಹೋರಿಗಳ ಕಾಲದಲ್ಲಿ ಈ ದಂಡ ಯಾರನ್ನೂ ಹಿಂಜರಿಯುವಂತೆ ಮಾಡದು.

ಇತರ ಕ್ರೀಡೆಗಳೊಂದಿಗೆ ಹೋಲಿಕೆ

ಪ್ರೇಕ್ಷಕರ ಅಶಿಸ್ತು ಹಳ್ಳಿಯ ಆಟಕ್ಕೆ ಮಾತ್ರ ಅಂಟಿದ ದೋಷವಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಫುಟ್‌ಬಾಲ್ ಪಂದ್ಯದಲ್ಲಿ ಅಭಿಮಾನಿಗಳ ಘರ್ಷಣೆ ಹಾಗೂ ನೂಕುನುಗ್ಗಲಿನಿಂದ 16 ಮಂದಿ ಸತ್ತರು. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಯುವೆಂಟಸ್ ಅಭಿಮಾನಿಗಳತ್ತ ನುಗ್ಗಿದಾಗ ಗೋಡೆ ಕುಸಿದು 39 ಮಂದಿ ಮೃತಪಟ್ಟರು. ಆ ಬಳಿಕ ಇಂಗ್ಲೆಂಡಿನ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಡಲಾಯಿತು. ಲಿವರ್‌ಪೂಲ್‌ಗೆ ಇನ್ನೂ ಒಂದು ವರ್ಷ ಹೆಚ್ಚಿನ ಶಿಕ್ಷೆಯಾಯಿತು. ಅಭಿಮಾನಿ ತಪ್ಪು ಮಾಡಿದರೆ ಅವನು ಪ್ರೀತಿಸುವ ತಂಡವೇ ಬೆಲೆ ತೆರಬೇಕೆಂಬ ತತ್ತ್ವ ಹೀಗೆ ನೆಲೆಗೊಂಡಿತು.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ದುರಂತ ಬೇರೊಂದು ಪಾಠ ಕಲಿಸಿತು. ಅಲ್ಲಿ ಒಟ್ಟು 97 ಮಂದಿ ಜೀವ ತೆತ್ತರು. ಕುಡಿದ ಅಭಿಮಾನಿಗಳೇ ಕಾರಣವೆಂಬ ಪ್ರಚಾರ ಮೊದಲು ನಡೆಯಿತು. ದಶಕಗಳ ಹೋರಾಟದ ನಂತರ, 2016ರಲ್ಲಿ ತೀರ್ಪುಗಾರ ಮಂಡಳಿಯು ಅಭಿಮಾನಿಗಳ ವರ್ತನೆ ಕಾರಣವಲ್ಲವೆಂದೂ, ಆ ಸಾವುಗಳು ಕಾನೂನುಬಾಹಿರ ಹತ್ಯೆಗೆ ಸಮವೆಂದೂ ತೀರ್ಮಾನಿಸಿತು; ಪೊಲೀಸರ ನಿಯಂತ್ರಣ ಹಾಗೂ ಕ್ರೀಡಾಂಗಣದ ರಚನೆಯಲ್ಲಿದ್ದ ಲೋಪಗಳನ್ನು ಎತ್ತಿ ತೋರಿಸಿತು. ದುರಂತದ ತನಿಖೆ ನಡೆಸಿದ ಟೇಲರ್ ವರದಿಯ ಶಿಫಾರಸಿನಂತೆ 1990ರ ದಶಕದಲ್ಲಿ ಅಲ್ಲಿನ ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ಅಂಕಣಗಳ ಬದಲು ಪ್ರತಿಯೊಬ್ಬನಿಗೂ ಆಸನ ಒದಗಿಸಲಾಯಿತು.

2025ರ ಜೂನ್ 4ರಂದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಐಪಿಎಲ್ ಗೆಲುವಿನ ಸಂಭ್ರಮಾಚರಣೆಯಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಮೃತಪಟ್ಟರು. ತರುವಾಯ ರಾಜ್ಯ ಸರ್ಕಾರವು ಜನಸಂದಣಿ ನಿಯಂತ್ರಣಕ್ಕಾಗಿ ಮಸೂದೆಯೊಂದನ್ನು ವಿಧಾನಮಂಡಲದಲ್ಲಿ ಮಂಡಿಸಿತು. ಸಂಘಟಕರನ್ನು ಹೊಣೆಗಾರರನ್ನಾಗಿಸುವುದು ಅದರ ಮುಖ್ಯ ಆಶಯ. ರಾಜಧಾನಿಯ ದುರಂತಕ್ಕೆ ದೊರೆತ ಈ ಗಮನ ಹಳ್ಳಿಯ ಅಖಾಡದಲ್ಲಿ ಒಬ್ಬೊಬ್ಬರಾಗಿ ಸಾಯುವವರಿಗೆ ದೊರೆತಿಲ್ಲ.

ಪ್ರೇಕ್ಷಕನಿಗೆ ಜಾಗ ಗೊತ್ತುಪಡಿಸಿದಾಗ ಅಭಿಮಾನ ಕುಗ್ಗುವುದಿಲ್ಲ ಎಂಬುದಕ್ಕೂ ಉದಾಹರಣೆಗಳಿವೆ. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ ಸಂಘದ ಹೆಸರು ವೆಸ್ಟ್ ಬ್ಲಾಕ್ ಬ್ಲೂಸ್. ಕ್ರೀಡಾಂಗಣದಲ್ಲಿ ಅವರು ನಿಲ್ಲುವ ಪಶ್ಚಿಮದ ಅಂಕಣದಿಂದಲೇ ಆ ಹೆಸರು ಬಂದಿದೆ. ಕರಾವಳಿಯ ಕಂಬಳದಲ್ಲಿ ಕೋಣಗಳು ಕೆಸರಿನ ಕರೆಯೊಳಗೆ ಓಡುತ್ತವೆ, ಜನ ಕರೆಯ ಹೊರಗೆ ನಿಲ್ಲುತ್ತಾರೆ. ಗೆಲುವನ್ನು ನಿರ್ಣಯಿಸಲು ಈಗ ಲೇಸರ್ ಉಪಕರಣಗಳ ಬಳಕೆಯೂ ಇದೆ. ಜಲ್ಲಿಕಟ್ಟಿಗೆ ತಮಿಳುನಾಡು 2017ರಲ್ಲಿ ರೂಪಿಸಿದ ನಿಯಮಗಳು ಎರಡು ಸಾಲಿನ ತಡೆಬೇಲಿ, ಪ್ರೇಕ್ಷಕರ ಗ್ಯಾಲರಿ, ಹೋರಿಗಳ ವೈದ್ಯಕೀಯ ತಪಾಸಣೆ ಹಾಗೂ ಓಡಿದ ಹೋರಿಗಳನ್ನು ಹಿಡಿದು ಕಟ್ಟುವ ಪ್ರತ್ಯೇಕ ಆವರಣವನ್ನು ಕಡ್ಡಾಯಗೊಳಿಸಿವೆ. ಅಲ್ಲಿಯೂ ಸಾವುಗಳು ಪೂರ್ಣವಾಗಿ ನಿಂತಿಲ್ಲ. ಬೇಲಿ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸದು.

ಪರ ಮತ್ತು ವಿರೋಧದ ವಾದಗಳು

ಸ್ಪರ್ಧೆಯನ್ನು ಸಮರ್ಥಿಸುವವರು ಇದು ಕೃಷಿಕರ ಸಂಸ್ಕೃತಿಯ ಭಾಗವೆಂದೂ, ನಾಟಿ ತಳಿಗಳ ಉಳಿವಿಗೆ ಸಹಾಯಕವೆಂದೂ, ಸುಗ್ಗಿಯ ನಡುವಿನ ಬಿಡುವಿನಲ್ಲಿ ಊರನ್ನು ಒಂದುಗೂಡಿಸುತ್ತದೆಂದೂ ಹೇಳುತ್ತಾರೆ. ನಗರದ ಕ್ರಿಕೆಟ್ಟಿನಲ್ಲಿ ಜನ ಸತ್ತಾಗ ಕ್ರಿಕೆಟ್ ನಿಷೇಧಿಸಬೇಕೆಂದು ಯಾರೂ ಹೇಳದಿರುವಾಗ ಹಳ್ಳಿಯ ಆಟಕ್ಕೆ ಮಾತ್ರ ನಿಷೇಧದ ಮಾತೇಕೆ ಎಂಬುದು ಅವರ ಪ್ರಶ್ನೆ.

ವಿರೋಧಿಸುವವರ ವಾದವೂ ಗಟ್ಟಿಯಾಗಿದೆ. ಕ್ರಿಕೆಟ್ಟಿಗನು ಒಪ್ಪಿ ಆಡುತ್ತಾನೆ, ಹೋರಿಗೆ ಒಪ್ಪಿಗೆ ಎಂಬುದಿಲ್ಲ. ಬೆದರಿಸುವುದೇ ಆಟದ ಹೆಸರಾಗಿರುವಾಗ ಹಿಂಸೆಯಿಲ್ಲದೆ ನಡೆಸುವುದು ಹೇಗೆ ಎಂದು ಪ್ರಾಣಿದಯಾ ಸಂಘಟನೆಗಳವರು ಕೇಳುತ್ತಾರೆ. ಮನೆಯ ದುಡಿಯುವ ಮಗನನ್ನು ಕಳೆದುಕೊಂಡ ಕುಟುಂಬಕ್ಕೆ ಸಂಸ್ಕೃತಿಯ ಮಾತು ಸಮಾಧಾನ ಕೊಡಲಾರದು. ಬಹುಮಾನದ ಬೈಕಿಗೆ ದೇಣಿಗೆ ಎತ್ತುವ ಸಮಿತಿಗಳು ಗಾಯಾಳುವಿನ ಚಿಕಿತ್ಸೆಗೂ ವಿಮೆಗೂ ಹಣ ತೆಗೆದಿಡುವುದು ವಿರಳ ಎಂಬ ಆಕ್ಷೇಪವೂ ಇದೆ.

ಸುಧಾರಣೆಯ ಮಾರ್ಗಗಳು

ಮೇಲಿನ ವಿಶ್ಲೇಷಣೆಯ ಆಧಾರದಿಂದ ಕೆಲವು ಕ್ರಮಗಳನ್ನು ಗುರುತಿಸಬಹುದು. ಇವುಗಳಲ್ಲಿ ಬಹುಪಾಲು ಊರಿನ ಮಟ್ಟದಲ್ಲಿಯೇ ಸಾಧ್ಯವಾಗುವಂಥವು.

ಅಖಾಡದ ಎಲ್ಲೆ: ದಾರಿಯ ಎರಡೂ ಬದಿಗೆ ಗಟ್ಟಿಯಾದ ಬೇಲಿ ಹಾಕಿ ಪ್ರೇಕ್ಷಕರನ್ನು ಅದರಾಚೆ ನಿಲ್ಲಿಸುವುದು. ಅಡಿಕೆ ದಬ್ಬೆ ಮತ್ತು ಬಿದಿರಿನ ಗಳಗಳು ಈ ಎರಡು ತಾಲ್ಲೂಕುಗಳಲ್ಲಿ ದುರ್ಲಭವಲ್ಲ. ಒಂದೇ ಸಾಲಿನ ಬೇಲಿಗಿಂತ ನಡುವೆ ಅಂತರವಿರುವ ಎರಡು ಸಾಲು ಸುರಕ್ಷಿತ. ಪಕ್ಕದ ಓಣಿಗಳ ಬಾಯನ್ನು ಮುಚ್ಚುವುದು ಇದರ ಅವಿಭಾಜ್ಯ ಅಂಗ.

ಓಟದ ಕೊನೆ: ಅಖಾಡದ ಕೊನೆಯಲ್ಲಿ ಹೋರಿಗಳನ್ನು ಹಿಡಿದು ಕಟ್ಟಲು ವಿಶಾಲವಾದ, ಆವರಣವುಳ್ಳ ಜಾಗವಿರಬೇಕು. ಹಿಂದಿನ ಹೋರಿಯನ್ನು ಕಟ್ಟಿದ ಸೂಚನೆ ಬಂದ ಬಳಿಕವೇ ಮುಂದಿನದನ್ನು ಬಿಡಬೇಕು. ಹೊತ್ತು ಮುಳುಗುವ ಮೊದಲು ಸ್ಪರ್ಧೆ ಮುಗಿಯಬೇಕಾದರೆ ಹೋರಿಗಳ ಸಂಖ್ಯೆಗೆ ಮಿತಿ ಅನಿವಾರ್ಯ.

ಸ್ಪರ್ಧಿಗಳ ಗುರುತು: ಹೋರಿ ಹಿಡಿಯುವವರು ಹೆಸರು ನೋಂದಾಯಿಸಿ, ಸಂಖ್ಯೆಯುಳ್ಳ ಅಂಗಿ ಧರಿಸಬೇಕು. ಹದಿನೆಂಟು ತುಂಬದವರಿಗೂ ಮದ್ಯ ಸೇವಿಸಿದವರಿಗೂ ಪ್ರವೇಶವಿರಬಾರದು. ಅಂಗಿಯಿಲ್ಲದವನು ಒಳಗೆ ಕಂಡರೆ ಓಟ ನಿಲ್ಲಿಸುವ ಅಧಿಕಾರ ತೀರ್ಪುಗಾರನಿಗಿರಬೇಕು.

ಬಳಗಗಳ ಹೊಣೆ: ಬಳಗದ ಸದಸ್ಯರು ಜಗಳಕ್ಕಿಳಿದರೆ ಅಥವಾ ಎದುರಾಳಿ ಹೋರಿಯನ್ನು ಹಿಂಸಿಸಿದರೆ ಅವರ ಹೋರಿಯನ್ನು ಆ ಹಂಗಾಮಿನ ಉಳಿದ ಸ್ಪರ್ಧೆಗಳಿಂದ ಕೈಬಿಡುವ ನಿಯಮವನ್ನು ಸಮಿತಿಗಳು ಒಟ್ಟಾಗಿ ಪಾಲಿಸಬಹುದು. ಹೈಸೆಲ್ ನಂತರ ಫುಟ್‌ಬಾಲ್ ಅನುಸರಿಸಿದ ತತ್ತ್ವವೇ ಇದು. ತನ್ನ ತಪ್ಪಿಗೆ ತನ್ನ ಹೋರಿಗೆ ಶಿಕ್ಷೆಯಾಗುತ್ತದೆಂದು ತಿಳಿದ ಅಭಿಮಾನಿ ಪಕ್ಕದವನನ್ನೂ ತಡೆಯುತ್ತಾನೆ.

ಆಡಳಿತದ ಪಾತ್ರ: ಅನುಮತಿಯ ಅರ್ಜಿಗೆ ನಿಗದಿತ ಅವಧಿಯೊಳಗೆ ಉತ್ತರ ಸಿಗಬೇಕು, ನಿರಾಕರಿಸಿದರೆ ಕಾರಣ ತಿಳಿಸಬೇಕು. ಅನುಮತಿ ನೀಡುವ ಮೊದಲು ಅಧಿಕಾರಿಗಳು ಅಖಾಡವನ್ನು ಕಣ್ಣಾರೆ ಪರಿಶೀಲಿಸಬೇಕು. ಪಶುವೈದ್ಯರು, ಆಂಬುಲೆನ್ಸ್, ಪ್ರೇಕ್ಷಕರಿಗೂ ಅನ್ವಯಿಸುವ ವಿಮೆ ಷರತ್ತಿನ ಭಾಗವಾಗಬೇಕು. ದೀಪಾವಳಿ ಮತ್ತು ಸಂಕ್ರಾಂತಿ ಯಾವಾಗ ಬರುತ್ತವೆಂಬುದು ಪಂಚಾಂಗದಲ್ಲಿ ವರ್ಷ ಮೊದಲೇ ತಿಳಿದಿರುತ್ತದೆ. ಆದ್ದರಿಂದ ತಾಲ್ಲೂಕು ಆಡಳಿತವು ಮಳೆಗಾಲದಲ್ಲಿಯೇ ಸಂಘಟಕರ ಸಭೆ ಕರೆದು ಊರುಗಳ ಪಟ್ಟಿ, ದಿನಾಂಕ ಹಾಗೂ ಷರತ್ತುಗಳನ್ನು ನಿರ್ಧರಿಸಲು ಯಾವ ಅಡ್ಡಿಯೂ ಇಲ್ಲ.

ಇವುಗಳಿಗೆ ಹಣ ಬೇಕೆಂಬುದು ನಿಜ. ಆದರೆ ಬಹುಮಾನಕ್ಕಾಗಿ ಸಂಗ್ರಹವಾಗುವ ಮೊತ್ತದ ಒಂದು ಪಾಲನ್ನು ಬೇಲಿಗೂ ವಿಮೆಗೂ ಮೀಸಲಿಟ್ಟರೆ ಹೆಚ್ಚಿನ ಊರುಗಳು ಈ ವೆಚ್ಚವನ್ನು ಭರಿಸಬಲ್ಲವು. ಒಂದು ಮೋಟಾರ್ ಬೈಕಿನ ಬೆಲೆಯಲ್ಲಿ ಬೀದಿಯ ಎರಡೂ ಬದಿಗೆ ಬೇಲಿ ಕಟ್ಟಲು ಬೇಕಾದ ದಬ್ಬೆ, ಗಳ, ಹಗ್ಗ ಕೊಂಡು ಕೆಲಸದವರಿಗೆ ಕೂಲಿ ಕೊಡುವುದು ಅಸಾಧ್ಯವೇನಲ್ಲ. ಮೊದಲ ಬಹುಮಾನ ಯಾವುದೆಂದು ತೀರ್ಮಾನಿಸುವ ಸಭೆಯಲ್ಲಿಯೇ ಜನ ಎಲ್ಲಿ ನಿಲ್ಲಬೇಕೆಂಬುದನ್ನೂ ತೀರ್ಮಾನಿಸುವ ಸಮಿತಿಗೆ ಈ ಕ್ರೀಡೆಯನ್ನು ಮುಂದುವರಿಸಲು ನೈತಿಕ ಆಧಾರ ದೊರೆಯುತ್ತದೆ.